ಗರಡಿಯ ಮದ್ದು ಮತ್ತು ಮದ್ದಿನ ಅಳತೆ

೧. ವಿಷಯಪ್ರವೇಶ

ಕನ್ನಡದ ವೈದ್ಯಗ್ರಂಥಗಳನ್ನು ಕುರಿತು ನಮ್ಮ ವಿದ್ವಾಂಸರು ಸಾಕಷ್ಟು ವಿವೇಚನೆ ನಡೆಸಿದ್ದಾರೆ. ಮಲ್ಲವಿದ್ಯೆಯ ಚರಿತ್ರೆಯನ್ನು ಕುರಿತೂ ಅಲ್ಲಲ್ಲಿ ಲೇಖನಗಳು ಬಂದಿವೆ. ಆದರೆ ವೈದ್ಯವೂ ಮಲ್ಲವಿದ್ಯೆಯೂ ಒಂದೆಡೆ ಕೂಡುವ ಸ್ಥಾನವೊಂದುಂಟು; ಅದು ಗರಡಿಮನೆ. ದೇಹವನ್ನು ಬೆಳೆಸುವ ಕಾರ್ಯದೊಡನೆ ನೊಂದ ದೇಹವನ್ನು ಸರಿಪಡಿಸುವ ಕಾರ್ಯವೂ ಅಲ್ಲಿ ನಡೆಯುತ್ತ ಬಂದಿದೆ. ಉಳುಕಿದ ಕಾಲು, ಜಾರಿದ ಭುಜ, ಕಣದಲ್ಲಿ ಮೈಗೆ ಮೈ ತಾಗಿ ಹತ್ತಿದ ಗಜಕರ್ಣ, ಬಿಸಿಲಿಗೆ ಬಂದ ತಲೆಸುತ್ತು, ಹಸಿವು ಸತ್ತ ಹೊಟ್ಟೆ, ನಿದ್ರೆ ಬಾರದ ರಾತ್ರಿ, ಇವೆಲ್ಲವನ್ನೂ ಮೊಟ್ಟಮೊದಲು ಕಾಣುತ್ತಿದ್ದವನು ವೈದ್ಯನಲ್ಲ, ವಸ್ತಾದ. ಇಂದು ಆಟಗಾರರ ದೇಹಪಾಲನೆಗಾಗಿ ನೇಮಕವಾಗುವ ತರಬೇತಿದಾರನು ಔಷಧಶಾಸ್ತ್ರದ ಮೂಲತತ್ತ್ವಗಳನ್ನೂ ಸಾಮಾನ್ಯ ರೋಗಗಳ ಲಕ್ಷಣಗಳನ್ನೂ ಅರಿತಿರಬೇಕೆಂದು ನಾವು ಅಪೇಕ್ಷಿಸುತ್ತೇವೆ. ಆ ಕಾರ್ಯವನ್ನು ನಮ್ಮ ಹಳ್ಳಿಗಳಲ್ಲಿ ಪದವಿಯಿಲ್ಲದೆ, ಪುಸ್ತಕವಿಲ್ಲದೆ ನಡೆಸಿಕೊಂಡು ಬಂದವನು ಈ ವಸ್ತಾದನೇ. ಅವನ ವೈದ್ಯಜ್ಞಾನದಲ್ಲಿ ಸತ್ವವೆಷ್ಟು, ದೋಷವೆಷ್ಟು, ಅದು ಅಳಿಯುತ್ತಿರುವಾಗ ನಾವು ಕಳೆದುಕೊಳ್ಳುತ್ತಿರುವುದೇನು ಎಂಬುದನ್ನು ಈ ಪ್ರಬಂಧದಲ್ಲಿ ಪರಿಶೀಲಿಸುತ್ತೇವೆ.

ಈ ಪರಿಶೀಲನೆಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯನ್ನು ಆರಿಸಿಕೊಂಡಿದ್ದೇವೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಖಾನಾಪುರವನ್ನು ದಾಟಿ ಹರಿಯುವ ನಾಡು ಇದು. ಬೈಲಹೊಂಗಲದ ಸೀಮೆಯು ಹಿಂದೆ ಸಂಪಗಾವಿ ತಾಲೂಕೆಂದೂ ಸವದತ್ತಿಯ ಸೀಮೆಯು ಪರಸಗಡ ತಾಲೂಕೆಂದೂ ಹೆಸರಾಗಿದ್ದವು. ಇವೆರಡೂ ಮುಂಬಯಿ ಇಲಾಖೆಗೆ ಸೇರಿದ್ದವು. ರಾಮದುರ್ಗವು ೧೯೪೮ರವರೆಗೆ ಭಾವೆ ಮನೆತನದ ಸಂಸ್ಥಾನವಾಗಿತ್ತು. ಹೀಗೆ ಕಂಪನಿ ಸರ್ಕಾರ ಗೆದ್ದುಕೊಂಡ ಕಿತ್ತೂರಿನ ನೆಲವೂ ದೇಶೀಯ ಸಂಸ್ಥಾನದ ನೆಲವೂ ಇಲ್ಲಿ ಅಕ್ಕಪಕ್ಕದಲ್ಲಿಯೇ ದೊರೆಯುತ್ತವೆ. ಗರಡಿಯ ಸಂಪ್ರದಾಯವು ಇವೆರಡರಲ್ಲಿಯೂ ಬಾಳಿತೆಂಬುದು ಗಮನಾರ್ಹವಾಗಿದೆ.

೨. ಗ್ರಂಥಗಳ ಸಾಕ್ಷ್ಯ

ಸವದತ್ತಿಯು ಶಾಸನಗಳ ಸುಗಂಧವರ್ತಿ. ಕೂಂಡಿ ಮೂರು ಸಾವಿರವನ್ನಾಳಿದ ರಟ್ಟರ ಮೊದಲ ರಾಜಧಾನಿ ಇದೇ. ತರುವಾಯ ಅವರ ರಾಜಧಾನಿಯು ವೇಣುಗ್ರಾಮಕ್ಕೆ, ಎಂದರೆ ಬೆಳಗಾವಿಗೆ ಹೋಯಿತು. ರಟ್ಟರು ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದರು. ಆ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಅಧ್ಯಾಯವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ಅನುಸಾರವಾಗಿ ವರ್ಗ ಮಾಡಬೇಕೆಂದು ಅಲ್ಲಿ ಹೇಳಿದೆ. ಭಾರವೆತ್ತುವುದು, ನಡೆಯುವುದು, ನೀರಿನಲ್ಲಿ ಈಜುವುದು, ಕಂಬದ ಮೇಲೆ ಸಾಧನೆ ಮಾಡುವುದು ಮುಂತಾದ ಶ್ರಮಗಳ ವಿವರವೂ ಉಂಟು. ದ್ವಿದಳ ಧಾನ್ಯ, ಮಾಂಸ, ಹಾಲು, ಸಕ್ಕರೆ, ಉತ್ತಮ ಭಕ್ಷ್ಯಗಳನ್ನು ಮಲ್ಲರಿಗೆ ಒದಗಿಸುವ ಹೊಣೆ ರಾಜನದು. ಅವರನ್ನು ಅಂತಃಪುರದ ಸ್ತ್ರೀಯರಿಂದ ದೂರವಿಡಬೇಕೆಂಬ ಕಟ್ಟಳೆಯೂ ಇದೆ.

ಇದೇ ಶತಮಾನದಲ್ಲಿ, ಸುಮಾರು ೧೧೫೦ರಲ್ಲಿ, ಜಗದ್ದಳ ಸೋಮನಾಥನು ಪೂಜ್ಯಪಾದನ ಸಂಸ್ಕೃತ ಗ್ರಂಥವನ್ನಾಧರಿಸಿ ‘ಕರ್ನಾಟಕ ಕಲ್ಯಾಣಕಾರಕ’ವನ್ನು ಕನ್ನಡದಲ್ಲಿ ರಚಿಸಿದನು. ಜೈನಧರ್ಮಕ್ಕೆ ಅನುಗುಣವಾಗಿ ಮದ್ಯಮಾಂಸಗಳನ್ನು ಬಿಟ್ಟು ಚಿಕಿತ್ಸೆ ಹೇಳುವುದು ಆ ಗ್ರಂಥದ ವೈಶಿಷ್ಟ್ಯ. ಒಂದೇ ನಾಡಿನಲ್ಲಿ, ಇಪ್ಪತ್ತು ಮೂವತ್ತು ವರುಷಗಳ ಅಂತರದಲ್ಲಿ, ಅರಸನ ಗ್ರಂಥವು ಮಲ್ಲನಿಗೆ ಮಾಂಸವನ್ನು ವಿಧಿಸಿತು. ವೈದ್ಯನ ಗ್ರಂಥವು ರೋಗಿಗೂ ಅದನ್ನು ನಿಷೇಧಿಸಿತು. ಈ ಎರಡು ಗ್ರಂಥಗಳ ಓದುಗರೂ ಬೇರೆ, ಉದ್ದೇಶವೂ ಬೇರೆ. ಅರಸನು ಕಂಡುದು ಬಲಿಷ್ಠನ ದೇಹವನ್ನು. ಅದು ಕೆಟ್ಟರೆ ಮಾಡಬೇಕಾದುದೇನೆಂಬುದು ಮಲ್ಲವಿನೋದದ ಮುಖ್ಯ ವಿಷಯವಲ್ಲ. ವೈದ್ಯನು ಕಂಡುದು ರೋಗಿಯ ದೇಹವನ್ನು. ದಿನದಿನವೂ ನೆಲಕ್ಕೆ ಬಿದ್ದೇಳುವ ನಿರೋಗಿಯ ಪೆಟ್ಟುಗಳು ಅವನಿಗೆ ಪ್ರತ್ಯೇಕ ಪ್ರಕರಣವಾಗಲಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ನೆನೆಯಬೇಕು. ಚಾಲುಕ್ಯ ರಾಜಪುತ್ರನಾದ ಕೀರ್ತಿವರ್ಮನು ಸುಮಾರು ೧೧೨೫ರಲ್ಲಿ ‘ಗೋವೈದ್ಯ’ವನ್ನು ಕನ್ನಡದಲ್ಲಿಯೇ ಬರೆದನು. ಹೊಲವನ್ನು ಉಳುವ ಎತ್ತಿಗೆ ಕನ್ನಡದಲ್ಲಿ ಒಂದು ವೈದ್ಯಗ್ರಂಥ ದೊರೆಯಿತು. ಅದೇ ಹೊಲದಲ್ಲಿ ದುಡಿದು ಸಂಜೆ ಗರಡಿಗೆ ಇಳಿಯುವ ರೈತನ ಮಗನಿಗೆ ಅಂಥದೊಂದು ದೊರೆಯಲಿಲ್ಲ. ಅವನ ವೈದ್ಯವು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಸಾಗಿತು.

ಹಾಗೆಂದ ಮಾತ್ರಕ್ಕೆ ಗ್ರಂಥಕ್ಕೂ ಗರಡಿಗೂ ಸಂಬಂಧವೇ ಇರಲಿಲ್ಲವೆಂದು ಭಾವಿಸಲಾಗದು. ಬಲವುಳ್ಳವನು, ಜಿಡ್ಡಿನ ಆಹಾರವನ್ನುಣ್ಣುವವನು ಚಳಿಗಾಲದಲ್ಲಿಯೂ ವಸಂತದಲ್ಲಿಯೂ ತನ್ನ ಶಕ್ತಿಯ ಅರ್ಧದಷ್ಟು ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಅದಕ್ಕಿಂತ ಕಡಮೆ ಮಾಡಬೇಕು, ಬಳಿಕ ಮೈಯನ್ನು ಹಿತವಾಗಿ ತೀಡಿಸಿಕೊಳ್ಳಬೇಕು ಎಂದು ವಾಗ್ಭಟನು ವಿಧಿಸಿದ್ದಾನೆ. ಮಿತಿಮೀರಿದ ವ್ಯಾಯಾಮದಿಂದ ಬಾಯಾರಿಕೆ, ಕ್ಷಯ, ಉಬ್ಬಸ, ರಕ್ತಪಿತ್ತ, ಜ್ವರ, ವಾಂತಿಗಳು ಬರುವವೆಂದು ಎಚ್ಚರಿಸಿದ್ದಾನೆ. ಅರ್ಧಶಕ್ತಿಯನ್ನು ಗುರುತಿಸುವುದು ಹೇಗೆಂಬುದನ್ನು ಸುಶ್ರುತನು ತಿಳಿಸುತ್ತಾನೆ: ವ್ಯಾಯಾಮ ಮಾಡುವವನ ಉಸಿರು ಬಾಯಿಗೆ ಬರತೊಡಗಿದರೆ ಅದೇ ಗುರುತು. ತಕ್ಕಡಿಯಾಗಲಿ ಗಡಿಯಾರವಾಗಲಿ ಇಲ್ಲದ ಕಾಲದಲ್ಲಿ ದೇಹವೇ ತನ್ನ ಅಳತೆಗೋಲಾಗಿತ್ತೆಂಬುದನ್ನು ಇದು ತೋರಿಸುತ್ತದೆ.

೩. ಗರಡಿ, ತಾಲೀಮು ಮತ್ತು ಕಿತ್ತೂರಿನ ನಾಡು

ಈ ಸೀಮೆಯ ಗರಡಿಯ ಶಬ್ದಗಳನ್ನು ಒರೆದು ನೋಡಿದರೆ ಚರಿತ್ರೆಯ ಕೆಲವು ಪದರಗಳು ಸ್ಪಷ್ಟವಾಗುತ್ತವೆ. ಗರಡಿ ಎಂಬುದು ಕನ್ನಡದಲ್ಲಿ ಹಳೆಯ ಮಾತು. ತಾಲೀಮು ಅರಬ್ಬಿಯಿಂದ ಬಂದುದು; ಪೈಲ್ವಾನ, ವಸ್ತಾದ, ಖುರಾಕು, ಜೋರು, ಮಾಲೀಸು ಇವು ಪಾರಸಿಯಿಂದ ಬಂದವು. ವಿಜಾಪುರದ ಆದಿಲಶಾಹಿ ಆಳಿಕೆ, ತರುವಾಯ ಮರಾಠರ ಆಳಿಕೆ, ಕೊಲ್ಲಾಪುರದ ನೆರೆ, ಇವು ಆ ಶಬ್ದಗಳನ್ನು ಇಲ್ಲಿ ನೆಲೆಗೊಳಿಸಿದವು. ಆದರೆ ಪೆಟ್ಟು ಬಿದ್ದಾಗ ಆಡುವ ಮಾತುಗಳು ಬಹುಮಟ್ಟಿಗೆ ಕನ್ನಡವೇ: ಉಳುಕು, ಬಾವು, ಕೀಲು, ಎಲುಬು, ನಂಜು, ಪಟ್ಟು ಕಟ್ಟುವುದು, ಎಣ್ಣೆ ಹಾಕಿ ತೀಡುವುದು, ಮದ್ದು. ಸಾಧನೆಯ ಕ್ರಮ ಹೊರಗಿನಿಂದ ಬಣ್ಣ ಪಡೆದರೂ ವಾಸಿ ಮಾಡುವ ಕ್ರಮವು ಊರಿನದಾಗಿಯೇ ಉಳಿಯಿತೆಂದು ಇದರಿಂದ ಊಹಿಸಬಹುದಾಗಿದೆ.

‘ಮದ್ದು’ ಎಂಬ ಮಾತಿಗೆ ಕನ್ನಡದಲ್ಲಿ ಔಷಧವೆಂಬ ಅರ್ಥವಿದೆ. ಕೋವಿಗೆ ತುಂಬುವ ಸಿಡಿಪುಡಿ ಎಂಬ ಅರ್ಥವಿದೆ. ಗುಟ್ಟಾಗಿ ಅನ್ನದಲ್ಲಿ ಬೆರೆಸುವ ಕೇಡಿನ ವಸ್ತು ಎಂಬ ಅರ್ಥವೂ ಇದೆ. ಕಾಯುವುದು, ಸಿಡಿಯುವುದು, ಕೊಲ್ಲುವುದು, ಮೂರಕ್ಕೂ ಒಂದೇ ಹೆಸರು. ಮುಂದಿನ ಚರ್ಚೆಗೆ ಈ ಅರ್ಥವೈವಿಧ್ಯವು ಬಹಳ ಪ್ರಯೋಜನಕಾರಿಯಾಗಿದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಕಿತ್ತೂರು ಸಂಸ್ಥಾನದ ಮೂಲಪುರುಷರು ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಸಹೋದರರು. ೧೫೮೫ರಲ್ಲಿ ಈ ಸಂಸ್ಥಾನ ನೆಲೆಗೊಂಡಿತೆಂದು ಹೇಳುತ್ತಾರೆ. ಹೆಸರಿನಲ್ಲಿ ‘ಮಲ್ಲ’ ಇದ್ದ ಮಾತ್ರಕ್ಕೆ ಅವರನ್ನು ಜಟ್ಟಿಗಳೆಂದು ಬಗೆಯುವುದು ಸಲ್ಲದು. ಮಲ್ಲಯ್ಯ, ಮಲ್ಲಿಕಾರ್ಜುನ ಎಂಬ ದೇವರ ಹೆಸರುಗಳು ಈ ನಾಡಿನ ಮನೆಮನೆಯಲ್ಲಿಯೂ ಉಂಟು. ಅಂತೆಯೇ ಬೈಲಹೊಂಗಲ ತಾಲೂಕಿನ ಬೆಳವಡಿಯ ಮಲ್ಲಮ್ಮನು ಸ್ತ್ರೀಯರ ಪಡೆ ಕಟ್ಟಿದಳೆಂಬ ಕಥೆಯನ್ನು ಜನಶ್ರುತಿಯೆಂದು ಪುರಸ್ಕರಿಸುತ್ತಲೇ ಗರಡಿಯ ಚರಿತ್ರೆಗೆ ನೇರವಾದ ಪ್ರಮಾಣವೆಂದು ಎಣಿಸದಿರುವುದು ಯುಕ್ತ.

ನೇರವಾದ ಸಂಬಂಧವು ಕಾಣುವುದು ಹತ್ತೊಂಬತ್ತನೆಯ ಶತಮಾನದಲ್ಲಿ. ೧೮೨೪ರ ಅಕ್ಟೋಬರ ೨೩ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ ಥ್ಯಾಕರೆ ಮಡಿದನು. ಡಿಸೆಂಬರದಲ್ಲಿ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ತೀರಿಕೊಂಡಳು. ಶೆಟಸನದಿ ಸೇವೆಯ ಸಂಗೊಳ್ಳಿಯ ರಾಯಣ್ಣನು ಬಂಡೆದ್ದು ೧೮೩೧ರ ಜನವರಿ ೨೬ರಂದು ನಂದಗಡದಲ್ಲಿ ಗಲ್ಲಿಗೇರಿದನು. ಅವನು ಸಾಧನೆ ಮಾಡಿದನೆಂದು ಜನ ಹೇಳುವ ಗರಡಿಯನ್ನು ಸಂಗೊಳ್ಳಿಯಲ್ಲಿ ಇಂದಿಗೂ ತೋರಿಸುತ್ತಾರೆ. ಊರಿನ ಕಾವಲಿಗೆ, ದೇಸಾಯಿಯ ದಂಡಿಗೆ ಆಳುಗಳನ್ನು ಸಿದ್ಧಪಡಿಸುತ್ತಿದ್ದ ಗರಡಿಗೆ ಕಂಪನಿಯ ಆಳಿಕೆಯಲ್ಲಿ ಆ ಪ್ರಯೋಜನ ಉಳಿಯಲಿಲ್ಲ. ಯುದ್ಧದ ಪಾಠಶಾಲೆಯಾಗಿದ್ದುದು ಕ್ರಮೇಣ ಜಾತ್ರೆಯ ಪಂದ್ಯದ ಪಾಠಶಾಲೆಯಾಯಿತು. ಕೊಲ್ಲಾಪುರದ ಶಾಹು ಮಹಾರಾಜರು ೧೯೧೨ರಲ್ಲಿ ಖಾಸಬಾಗ ಮೈದಾನವನ್ನು ಕಟ್ಟಿಸಿದ ಮೇಲಂತೂ ಬೆಳಗಾವಿ ಸೀಮೆಯ ಪೈಲ್ವಾನರಿಗೆ ಆ ಊರು ಯಾತ್ರಾಸ್ಥಳವೇ ಆಯಿತು. ಇಂದಿಗೂ ಕಿತ್ತೂರು ಉತ್ಸವದಲ್ಲಿಯೂ ಹಳ್ಳಿಹಳ್ಳಿಯ ಜಾತ್ರೆಗಳಲ್ಲಿಯೂ ಜಂಗೀ ಕುಸ್ತಿಗಳು ನಡೆಯುತ್ತವೆ.

೪. ವಸ್ತಾದನ ವೈದ್ಯ

ಗರಡಿಯ ವೈದ್ಯವು ಮಣ್ಣಿನಿಂದಲೇ ಆರಂಭವಾಗುತ್ತದೆ. ಕಣದ ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ, ಕರ್ಪೂರಗಳನ್ನು ಬೆರೆಸಿ ಹದಗೊಳಿಸುತ್ತಾರೆ. ಹದವಾದ ಮಣ್ಣಿನಲ್ಲಿ ಬಿದ್ದರೆ ಪೆಟ್ಟು ಕಡಮೆ. ಹರಳು ಚುಚ್ಚುವ ಭಯವೂ ಕಡಮೆ. ಅರಿಶಿನ ನಿಂಬೆಗಳಿಗೆ ಸೂಕ್ಷ್ಮಜೀವಿಗಳನ್ನು ತಕ್ಕಮಟ್ಟಿಗೆ ತಡೆಯುವ ಗುಣವುಂಟು. ಆದರೆ ಮಣ್ಣಿನಲ್ಲಿಯೂ ಸೆಗಣಿಯಲ್ಲಿಯೂ ಧನುರ್ವಾಯುವಿನ ಬೀಜಾಣುಗಳು ಬಹುಕಾಲ ಜೀವ ಹಿಡಿದಿರುತ್ತವೆಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಿದ್ಧಪಟ್ಟಿತು. ಅವನ್ನು ಅರಿಶಿನವು ಕೊಲ್ಲಲಾರದು; ಅದಕ್ಕೆ ಚುಚ್ಚುಮದ್ದೇ ಬೇಕು. ಹೀಗೆ ಮೊದಲ ಹೆಜ್ಜೆಯಲ್ಲಿಯೇ ಸಂಪ್ರದಾಯದ ಸತ್ವವೂ ಮಿತಿಯೂ ಒಟ್ಟಿಗೆ ಗೋಚರಿಸುತ್ತವೆ.

ಎರಡನೆಯದು ಶ್ರಮದ ಅಳತೆ. ಹೊಸದಾಗಿ ಬಂದ ಹುಡುಗನಿಗೆ ವಸ್ತಾದನು ಮೊದಲ ದಿನವೇ ನೂರಾರು ಬೈಠಕ್ಕು ಹೊಡೆಯಲು ಬಿಡುವುದಿಲ್ಲ. ವಾರದಿಂದ ವಾರಕ್ಕೆ ಲೆಕ್ಕವನ್ನು ಏರಿಸುತ್ತಾನೆ. ಇದಕ್ಕೆ ಇಂದಿನ ವೈದ್ಯಶಾಸ್ತ್ರದ ಬೆಂಬಲವುಂಟು. ರೂಢಿಯಿಲ್ಲದ ದೇಹವು ಒಮ್ಮೆಲೇ ಅತಿಯಾಗಿ ಬೈಠಕ್ಕು ಹೊಡೆದರೆ ತೊಡೆಯ ಸ್ನಾಯುಗಳು ಒಡೆದು, ಅವುಗಳೊಳಗಿನ ದ್ರವ್ಯವು ರಕ್ತಕ್ಕೆ ಸೇರಿ, ಮೂತ್ರವು ಕಪ್ಪು ಚಹದ ಬಣ್ಣಕ್ಕೆ ತಿರುಗಿ, ಮೂತ್ರಪಿಂಡಗಳು ಕೆಲಸ ನಿಲ್ಲಿಸುವ ಅಪಾಯವುಂಟು. ವಸ್ತಾದನು ಈ ಕಾರಣವನ್ನು ಅರಿತವನಲ್ಲ, ಫಲವನ್ನು ಕಂಡವನು. ವಾಗ್ಭಟನ ಅರ್ಧಶಕ್ತಿಯ ವಿಧಿಯು ಅವನ ಕಣ್ಣಿನಲ್ಲಿ ನೆಲೆಸಿತ್ತೆನ್ನಬಹುದು.

ಮೂರನೆಯದು ಖುರಾಕು: ಜೋಳದ ರೊಟ್ಟಿ, ಹಾಲು, ತುಪ್ಪ, ನೆನೆಸಿದ ಕಡಲೆ, ಅರೆದ ಬಾದಾಮಿಯ ಥಂಡಾಯಿ, ತಿನ್ನುವವರಿಗೆ ತತ್ತಿ ಮಾಂಸ. ಮಲ್ಲವಿನೋದದ ಪಟ್ಟಿಗೂ ಇದಕ್ಕೂ ಇರುವ ಸಾಮ್ಯ ಸ್ಪಷ್ಟವಾಗಿಯೇ ಇದೆ. ಅಂದು ಅರಸನು ಕೊಡುತ್ತಿದ್ದುದನ್ನು ಇಂದು ಎಮ್ಮೆ ಸಾಕಿದ ತಾಯಿತಂದೆಗಳು ಕೊಡುತ್ತಾರೆ. ಆದರೆ ಕುಸ್ತಿ ಬಿಟ್ಟ ಮೇಲೆ ಊಟವನ್ನು ಬಿಡಿಸುವ ಶಾಸ್ತ್ರ ಗರಡಿಯಲ್ಲಿ ಬೆಳೆಯಲಿಲ್ಲ. ಶ್ರಮ ನಿಂತು ಖುರಾಕು ನಿಲ್ಲದಿದ್ದರೆ ಬೊಜ್ಜು, ರಕ್ತದ ಒತ್ತಡ, ಸಕ್ಕರೆ ಬೇನೆಗಳು ಬರುವ ಸಂಭವ ಹೆಚ್ಚು.

ನಾಲ್ಕನೆಯದು ಕೀಲು ಎಲುಬುಗಳ ಚಿಕಿತ್ಸೆ. ಮೈಸೂರಿನ ಜಟ್ಟಿಗಳು ಕುಸ್ತಿಯಷ್ಟೇ ಕೀಲು ಕೂಡಿಸುವ ಕೌಶಲಕ್ಕೂ ಹೆಸರಾಗಿದ್ದರೆಂಬುದು ಪ್ರಸಿದ್ಧ. ಉತ್ತರದ ವಸ್ತಾದರ ವಿದ್ಯೆಯೂ ಅದಕ್ಕೆ ಸೋದರವಾದುದು. ಈ ವಿದ್ಯೆಯ ಶಾಸ್ತ್ರರೂಪ ಸುಶ್ರುತನಲ್ಲಿದೆ. ಕೀಲು ತಪ್ಪುವುದರಲ್ಲಿ ಆರು ಬಗೆ, ಎಲುಬು ಮುರಿಯುವುದರಲ್ಲಿ ಹನ್ನೆರಡು ಬಗೆ ಎಂದು ಅವನು ವಿಂಗಡಿಸುತ್ತಾನೆ. ಅತ್ತಿ, ಅರಳಿ, ಮುತ್ತುಗ, ಆಲಗಳ ತೊಗಟೆಯನ್ನೂ ಬಿದಿರಿನ ದಬ್ಬೆಯನ್ನೂ ಆಸರೆಯಾಗಿ ಕಟ್ಟಲು ಹೇಳುತ್ತಾನೆ. ಕಟ್ಟು ಸಡಿಲವಾದರೆ ಕೀಲು ನಿಲ್ಲದು. ಬಿಗಿಯಾದರೆ ಬಾವು, ನೋವು, ಕೀವುಗಳುಂಟಾಗುವವು. ಆದುದರಿಂದ ಚಳಿಯ ಋತುಗಳಲ್ಲಿ ಏಳು ದಿನಕ್ಕೊಮ್ಮೆ, ಸಮ ಋತುಗಳಲ್ಲಿ ಐದು ದಿನಕ್ಕೊಮ್ಮೆ, ಬಿಸಿಯ ಋತುಗಳಲ್ಲಿ ಮೂರು ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕೆಂಬ ವಿಧಿಯುಂಟು. ಬಿದಿರಿನ ದಬ್ಬೆ ಹಳ್ಳಿಗೆ ಬಂದಿತು. ಬಿಚ್ಚಿ ನೋಡುವ ದಿನದ ಲೆಕ್ಕವು ಎಲ್ಲ ಕಡೆಗೂ ಬರಲಿಲ್ಲ. ಬಿಗಿಯಾದ ಕಟ್ಟಿನಿಂದ ರಕ್ತ ಹರಿಯದೆ ಮುಂಗೈ ಸೊರಗಿ ಬೆರಳುಗಳು ಕೊಕ್ಕೆಯಂತೆ ಮಡಿಚಿಕೊಳ್ಳುವ ವಿಕಾರವನ್ನು ಜರ್ಮನಿಯ ಫೋಲ್ಕಮನ್ನನು ೧೮೮೧ರಲ್ಲಿ ವಿವರಿಸಿದನು. ಮದ್ದು ಉಳಿದು ಅಳತೆ ಕಳೆದರೆ ಆಗುವ ಅನಾಹುತಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಗರಡಿಯು ಗೌರವವೆಂದು ಬಗೆದುದು ಕೆಲವೆಡೆ ರೋಗವೇ ಆಗಿತ್ತು. ಹಿಂಡಿ ಹಿಪ್ಪೆಯಾಗಿ ಮುದ್ದೆಗಟ್ಟಿದ ಕಿವಿಯು ಪೈಲ್ವಾನನ ಬಿರುದೆನಿಸಿತು. ಅದು ಮೃದ್ವಸ್ಥಿಗೂ ಅದರ ಪೊರೆಗೂ ನಡುವೆ ರಕ್ತ ಕಟ್ಟಿ ಗಟ್ಟಿಯಾದ ಫಲ, ಆರಂಭದಲ್ಲಿಯೇ ವೈದ್ಯನು ರಕ್ತವನ್ನು ತೆಗೆದರೆ ತಪ್ಪಿಸಬಹುದಾದುದು. ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದವನಿಗೆ ಮುಖಕ್ಕೆ ನೀರು ಚಿಮುಕಿಸಿ ಮರಳಿ ಕಣಕ್ಕಿಳಿಸುವ ರೂಢಿಯು ಅಪಾಯಕರ. ಮಿದುಳು ಅಲುಗಿದವನು ಆ ದಿನ ಮತ್ತೆ ಆಡಕೂಡದೆಂಬುದು ಇಂದಿನ ನಿಯಮ.

೫. ಕಾಸರಕದ ಬೀಜದಿಂದ ಪರೀಕ್ಷಾಲಯದವರೆಗೆ

ಅಳತೆಯ ಪ್ರಶ್ನೆಯು ಅತ್ಯಂತ ತೀಕ್ಷ್ಣವಾಗಿ ತೋರುವುದು ವಿಷದ್ರವ್ಯಗಳಲ್ಲಿ. ಕನ್ನಡದಲ್ಲಿ ವಿಷವನ್ನೇ ಕುರಿತ ಗ್ರಂಥವನ್ನು ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ರಚಿಸಿದನು, ಅದೇ ‘ಖಗೇಂದ್ರಮಣಿದರ್ಪಣ’. ತಕ್ಕಂತೆ ಬಳಸಿದರೆ ವಿಷವೂ ಔಷಧ, ಬಳಕೆ ತಪ್ಪಿದರೆ ಔಷಧವೂ ವಿಷ ಎಂಬ ಚರಕನ ಅಭಿಪ್ರಾಯವು ಭಾರತೀಯ ವೈದ್ಯದ ತಳಹದಿಗಳಲ್ಲೊಂದು. ಇದಕ್ಕೆ ಕಾಸರಕದ ಬೀಜವು ಉತ್ತಮ ಉದಾಹರಣೆ. ಸಂಸ್ಕೃತದಲ್ಲಿ ಕುಪೀಲು, ವಿಷತಿಂದುಕ, ವಿಷಮುಷ್ಟಿ ಎಂದು ಹೆಸರಾದ ಇದನ್ನು ಗೋಮೂತ್ರ, ಹಾಲು, ತುಪ್ಪಗಳಲ್ಲಿ ಶೋಧಿಸಿ ವಾತದ ನೋವುಗಳಿಗೂ ನರಗಳ ದೌರ್ಬಲ್ಯಕ್ಕೂ ಕೊಡುವ ಪದ್ಧತಿಯುಂಟು. ವಿಷತಿಂದುಕ ವಟಿ, ಅಗ್ನಿತುಂಡಿ ವಟಿಗಳಲ್ಲಿ ಇದು ಸೇರಿದೆ. ಇದರ ಸಾರವಾದ ಸ್ಟ್ರಿಕ್ನಿನನ್ನು ಫ್ರಾನ್ಸಿನ ಪೆಲೆತಿಯೇ, ಕಾವಂತು ಎಂಬ ವಿಜ್ಞಾನಿಗಳು ೧೮೧೮ರಲ್ಲಿ ಬೇರ್ಪಡಿಸಿದರು. ಬೆನ್ನುಹುರಿಯು ಸ್ನಾಯುಗಳನ್ನು ಹತೋಟಿಯಲ್ಲಿಡುವ ತಡೆಯನ್ನು ಇದು ಕಿತ್ತುಹಾಕುತ್ತದೆ. ಅಳತೆ ಮೀರಿದರೆ ಮೈಯೆಲ್ಲ ಸೆಟೆದು ಉಸಿರು ಕಟ್ಟಿ ಸಾವು ಬರುತ್ತದೆ.

ಈ ಬೀಜದ ಸಾರವೇ ಕ್ರೀಡಾಚರಿತ್ರೆಯ ಪ್ರಸಿದ್ಧ ಘಟನೆಯೊಂದಕ್ಕೆ ಕಾರಣವಾಯಿತು. ೧೯೦೪ರಲ್ಲಿ ಅಮೆರಿಕೆಯ ಸೇಂಟ್ ಲೂಯಿಸಿನಲ್ಲಿ ನಡೆದ ಒಲಿಂಪಿಕ್ ಕೂಟದ ಮ್ಯಾರಥಾನ್ ಓಟದಲ್ಲಿ ಥಾಮಸ್ ಹಿಕ್ಸನಿಗೆ ಅವನ ಸಹಾಯಕರು ಬಿಸಿಲಿನಲ್ಲಿ ಕೇಳಿದ ನೀರನ್ನು ನಿರಾಕರಿಸಿ, ಸುಮಾರು ಒಂದು ಮಿಲಿಗ್ರಾಮಿನಷ್ಟು ಸ್ಟ್ರಿಕ್ನಿನನ್ನು ತತ್ತಿಯ ಬಿಳಿಯ ಭಾಗದೊಡನೆ ಕೊಟ್ಟರು. ಮುಂದೆ ಮತ್ತೊಮ್ಮೆ ಬ್ರಾಂದಿಯೊಡನೆ ಕೊಟ್ಟರು. ಅವನು ಗೆದ್ದನು, ಗುರಿ ಮುಟ್ಟಿ ಕುಸಿದನು. ಆಗ ಅದನ್ನು ನಿಷೇಧಿಸುವ ನಿಯಮವಿರಲಿಲ್ಲ. ನೀರು ಔಷಧವಾಗಬೇಕಾದಲ್ಲಿ ವಿಷವನ್ನು ಕೊಟ್ಟ ಆ ಸಹಾಯಕರ ಅಜ್ಞಾನವು ದೂರದ ಕಥೆಯೆಂದು ನಾವು ಉದಾಸೀನ ಮಾಡಲಾಗದು. ಇಂದು ಸ್ಟ್ರಿಕ್ನಿನ್ ಸ್ಪರ್ಧಾಕಾಲದಲ್ಲಿ ನಿಷಿದ್ಧವಾದ ದ್ರವ್ಯಗಳ ಪಟ್ಟಿಯಲ್ಲಿದೆ. ಕೀಲುನೋವಿಗೆಂದು ಕುಪೀಲು ಸೇರಿದ ಗುಳಿಗೆಯನ್ನು ನುಂಗಿದ ಹಳ್ಳಿಯ ಪೈಲ್ವಾನನು, ಮೋಸದ ಉದ್ದೇಶವಿಲ್ಲದೆಯೇ, ಪರೀಕ್ಷೆಯಲ್ಲಿ ದೋಷಿಯೆನಿಸಬಹುದು. ನಮ್ಮ ದೇಶದ ಔಷಧ ನಿಯಮಗಳು ಕುಪೀಲನ್ನು ವಿಷದ್ರವ್ಯಗಳ ಅನುಸೂಚಿಯಲ್ಲಿರಿಸಿ, ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂದು ಚೀಟಿಯ ಮೇಲೆ ಮುದ್ರಿಸಲು ವಿಧಿಸಿವೆ. ಆ ಚೀಟಿಯನ್ನು ಓದುವವರು ಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಮದ್ದಿನ ಸ್ವರೂಪವೇ ಬದಲಾಯಿತು. ಪುರುಷತ್ವದ ರಸವಾದ ಟೆಸ್ಟೋಸ್ಟೆರೋನನ್ನು ೧೯೩೫ರಲ್ಲಿ ಬೇರ್ಪಡಿಸಿದರು. ಅದೇ ವರುಷ ಬುಟೆನಾಂಟ್ ಮತ್ತು ರುಜಿಚ್ಕಾ ಅದನ್ನು ಕೃತಕವಾಗಿ ತಯಾರಿಸಿದರು. ೧೯೫೮ರಲ್ಲಿ ಮೆಥಾಂಡಿಯೆನೋನ್ ಎಂಬ ಗುಳಿಗೆ ಅಮೆರಿಕೆಯ ಭಾರವೆತ್ತುವವರ ಕೈಸೇರಿತು. ಸ್ನಾಯುವನ್ನು ಬೆಳೆಸುವ ಈ ಸ್ಟಿರಾಯ್ಡುಗಳು ಯಕೃತ್ತನ್ನೂ ಹೃದಯವನ್ನೂ ಕೆಡಿಸುತ್ತವೆ, ವೃಷಣಗಳನ್ನು ಕುಗ್ಗಿಸುತ್ತವೆ, ಎಳೆಯರ ಎಲುಬಿನ ಬೆಳವಣಿಗೆಯನ್ನು ಅಕಾಲದಲ್ಲಿ ನಿಲ್ಲಿಸುತ್ತವೆ. ಉಬ್ಬಸಕ್ಕೂ ಕೀಲಿನ ಉರಿಯೂತಕ್ಕೂ ವೈದ್ಯರು ಕೊಡುವ ಸ್ಟಿರಾಯ್ಡುಗಳು ಬೇರೆ ವರ್ಗಕ್ಕೆ ಸೇರಿದವು. ಒಂದೇ ಹೆಸರಿನಿಂದ ಹಳ್ಳಿಗಳಲ್ಲಿ ಉಂಟಾಗುವ ಗೊಂದಲವನ್ನು ಅಧ್ಯಾಪಕರು ಬಿಡಿಸಿ ಹೇಳಬೇಕು.

ವಿಶ್ವ ಉದ್ದೀಪನ ನಿಗ್ರಹ ಸಂಸ್ಥೆಯು ೧೯೯೯ರಲ್ಲಿ ಸ್ಥಾಪಿತವಾಯಿತು. ಅದರ ಸಂಹಿತೆ ೨೦೦೪ರಲ್ಲಿ ಜಾರಿಗೆ ಬಂದಿತು. ಭಾರತದ ಸಂಸ್ಥೆಯು ೨೦೦೫ರಲ್ಲಿ ಹುಟ್ಟಿತು. ೨೦೨೨ರಲ್ಲಿ ಅದಕ್ಕೆ ಸಂಸತ್ತಿನ ಶಾಸನದ ಆಧಾರ ದೊರೆಯಿತು. ಈ ಸಂಹಿತೆಯ ಮೂಲಸೂತ್ರವೆಂದರೆ ತನ್ನ ದೇಹದೊಳಗೆ ಕಂಡುದಕ್ಕೆಲ್ಲ ಆಟಗಾರನೇ ಹೊಣೆ ಎಂಬುದು. ೨೦೧೧ರಲ್ಲಿ ಭಾರತದ ಕೆಲವು ಓಟಗಾರ್ತಿಯರ ಪರೀಕ್ಷೆಯಲ್ಲಿ ಸ್ಟಿರಾಯ್ಡು ಕಂಡುಬಂದಾಗ, ತರಬೇತಿದಾರನು ತಂದುಕೊಟ್ಟ ಜಿನ್ಸೆಂಗ್ ಬೇರಿನ ಗುಳಿಗೆಯೇ ಅದಕ್ಕೆ ಕಾರಣವೆಂದು ಅವರು ವಾದಿಸಿದರು. ಆದರೂ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯವು ೨೦೧೨ರಲ್ಲಿ ಒಂದು ವರುಷದ ನಿಷೇಧವನ್ನು ಎರಡು ವರುಷಕ್ಕೆ ಏರಿಸಿತು. ವಸ್ತಾದನ ಕಾಲದಲ್ಲಿ ಮದ್ದು ಕೊಟ್ಟವನ ಮೇಲಿದ್ದ ಹೊಣೆ ಈಗ ನುಂಗಿದವನ ಮೇಲೆ ಬಂದಿದೆ. ಚರಿತ್ರೆಯ ದೃಷ್ಟಿಯಿಂದ ಇದು ಮಹತ್ತರವಾದ ಪರಿವರ್ತನೆ.

೬. ಹೊಸ ನಿಯಮ, ಹೊಸ ರೋಗ

ಜಂಗೀ ಕುಸ್ತಿಯಲ್ಲಿ ಜೋಡಿಯನ್ನು ಕಣ್ಣಳತೆಯಿಂದಲೇ ಕೂಡಿಸುತ್ತಿದ್ದರು. ಕಿಲೋಗ್ರಾಮಿನ ಲೆಕ್ಕ ಅಲ್ಲಿರಲಿಲ್ಲ. ಮ್ಯಾಟಿನ ಕುಸ್ತಿಯೊಡನೆ ತೂಕದ ವರ್ಗಗಳು ಬಂದವು. ಅವುಗಳೊಡನೆ ತೂಕ ಇಳಿಸುವ ರೂಢಿಯೂ ಬಂದಿತು. ನೀರು ಬಿಟ್ಟು, ದಪ್ಪ ಬಟ್ಟೆ ತೊಟ್ಟು ಓಡಿ, ಮೂತ್ರ ಹೆಚ್ಚಿಸುವ ಗುಳಿಗೆ ನುಂಗಿ ತೂಕ ಇಳಿಸುವ ಪ್ರಯತ್ನದ ಫಲವು ಘೋರವಾದುದು. ೧೯೯೭ರ ಕೊನೆಗೆ ಅಮೆರಿಕೆಯಲ್ಲಿ ಸುಮಾರು ಒಂದು ತಿಂಗಳೊಳಗೆ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ದೇಹದ ನೀರು ಬತ್ತಿಸಿಕೊಂಡು ಸತ್ತರು. ಆ ಬಳಿಕ ಅಲ್ಲಿಯ ನಿಯಮಗಳು ಬದಲಾದವು. ನೀರು ಬತ್ತಿದ ದೇಹಕ್ಕೆ ನೋವಿನ ಗುಳಿಗೆಯೂ ಸೇರಿದರೆ ಮೂತ್ರಪಿಂಡಕ್ಕೆ ಇಮ್ಮಡಿ ಪೆಟ್ಟು. ಮೂತ್ರ ಹೆಚ್ಚಿಸುವ ಗುಳಿಗೆಗಳು ನಿಷಿದ್ಧ ಪಟ್ಟಿಯಲ್ಲಿಯೂ ಇವೆ.

ಗಜಕರ್ಣದ ವಿಷಯವೂ ಹೀಗೆಯೇ. ಮೈಗೆ ಮೈ ತಾಗುವ ಆಟದಲ್ಲಿ ಅದು ಬೇಗ ಹರಡುತ್ತದೆ. ಸ್ಟಿರಾಯ್ಡು ಬೆರೆತ ಮುಲಾಮನ್ನು ಅಂಗಡಿಯಿಂದ ತಂದು ಹಚ್ಚಿದರೆ ತುರಿಕೆ ಅಡಗುತ್ತದೆ, ರೋಗ ಬೆಳೆಯುತ್ತದೆ. ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಭಾರತ ಸರ್ಕಾರವು ೨೦೧೮ರಲ್ಲಿ ಆಜ್ಞೆ ಹೊರಡಿಸಿತು. ಹತ್ತಿದವನನ್ನು ವಾಸಿಯಾಗುವವರೆಗೆ ಕಣದಿಂದ ದೂರವಿಡುವುದು, ಲಂಗೋಟಿ ಟವೆಲುಗಳನ್ನು ಹಂಚಿಕೊಳ್ಳದಿರುವುದು ಇವೇ ಮೊದಲ ಚಿಕಿತ್ಸೆ.

ಗರಡಿಯು ಸಂಪೂರ್ಣವಾಗಿ ಮೌನ ವಹಿಸಿದ ವಿಷಯವೊಂದಿದೆ. ಅದು ಸ್ತ್ರೀಯ ದೇಹ. ಮಾನಸೋಲ್ಲಾಸದ ಕಟ್ಟಳೆಯೂ ಗರಡಿಯ ಬ್ರಹ್ಮಚರ್ಯವೂ ಸ್ತ್ರೀಯನ್ನು ಹೊರಗಿಟ್ಟವು. ೨೦೦೪ರಿಂದ ಒಲಿಂಪಿಕ್ ಕೂಟದಲ್ಲಿ ಸ್ತ್ರೀಯರ ಕುಸ್ತಿ ಸೇರಿದೆ. ಕಿತ್ತೂರಿನಲ್ಲಿ ಹೆಣ್ಣುಮಕ್ಕಳ ಸೈನಿಕ ಶಾಲೆಯಿದೆ. ರಾಮದುರ್ಗ ತಾಲೂಕಿನ ಚಂದರಗಿಯಲ್ಲಿ ಕ್ರೀಡಾಶಾಲೆಯಿದೆ. ರಕ್ತಹೀನತೆ, ಊಟ ಸಾಲದೆ ಮುಟ್ಟು ನಿಲ್ಲುವುದು, ಅದರಿಂದ ಎಲುಬು ಸವೆಯುವುದು ಇವುಗಳನ್ನು ಗುರುತಿಸುವ ವಿದ್ಯೆ ಸಂಪ್ರದಾಯದಿಂದ ಬಾರದು. ಅದನ್ನು ಹೊಸದಾಗಿಯೇ ಕಲಿಯಬೇಕು.

೭. ಉಪಸಂಹಾರ

ಮುಂಬಯಿ ಇಲಾಖೆಯಲ್ಲಿ ೧೯೩೮ರ ವೈದ್ಯವೃತ್ತಿ ಶಾಸನವು ದೇಶೀಯ ವೈದ್ಯರ ನೋಂದಣಿಗೆ ದಾರಿ ಮಾಡಿತು. ಬೆಳಗಾವಿಯಲ್ಲಿ ೧೯೩೩ರಲ್ಲಿ ಆಯುರ್ವೇದ ವಿದ್ಯಾಲಯವೂ ೧೯೬೩ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವೂ ಸ್ಥಾಪಿತವಾದವು. ಗ್ರಂಥದ ವೈದ್ಯಕ್ಕೆ ಹೀಗೆ ಮನೆಗಳು ದೊರೆತವು. ವಸ್ತಾದನು ತನ್ನನ್ನು ವೈದ್ಯನೆಂದು ಕರೆದುಕೊಂಡವನಲ್ಲವಾದುದರಿಂದ ಅವನ ಜ್ಞಾನವು ಯಾವ ದಾಖಲೆಯಲ್ಲಿಯೂ ಸೇರಲಿಲ್ಲ.

ಮೇಲಿನ ವಿವೇಚನೆಯಿಂದ ನಾವು ತಲಪುವ ನಿರ್ಣಯವಿಷ್ಟು. ಗರಡಿಯ ಮದ್ದುಗಳಲ್ಲಿ ಕೆಲವು ಒಳ್ಳೆಯವು, ಕೆಲವು ನಿರುಪಯೋಗಿ, ಕೆಲವು ಹಾನಿಕರ. ಅವುಗಳ ಗುಣಗಾನದಿಂದ ಪ್ರಯೋಜನವಿಲ್ಲ. ಗರಡಿಯ ನಿಜವಾದ ವೈದ್ಯವೆಂದರೆ ಒಬ್ಬ ಹುಡುಗನ ದೇಹವನ್ನು ವರುಷಗಟ್ಟಲೆ ಪ್ರತಿದಿನವೂ ನೋಡುತ್ತಿದ್ದ ಎರಡು ಕಣ್ಣುಗಳು. ಇಂದು ಮುಖವಾಗಿದ್ದಾನೆ, ನಿನ್ನೆ ಉಂಡಿಲ್ಲ, ಈ ಹೊತ್ತು ಜೋರು ಬೇಡ, ಎಂದು ಹೇಳಬಲ್ಲ ಆ ತಿಳಿವಳಿಕೆಯೇ ಅಳತೆ. ಮದ್ದು ಅಂಗಡಿಯಲ್ಲಿ ದೊರೆಯುತ್ತದೆ, ಅಳತೆ ದೊರೆಯುವುದಿಲ್ಲ. ವಸ್ತಾದನಿಲ್ಲದ ವ್ಯಾಯಾಮಶಾಲೆಯಲ್ಲಿ ಪುಡಿಯ ಡಬ್ಬಿಯನ್ನೂ ಸೂಜಿಯನ್ನೂ ಮಾರುವವನೇ ಗುರುವಾದಾಗ ಮದ್ದು ಎಂಬ ಮಾತಿನ ಮೂರನೆಯ ಅರ್ಥವೇ ನಿಜವಾಗುತ್ತದೆ.

ಆದುದರಿಂದ ಈ ನಾಲ್ಕು ಊರುಗಳ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಎರಡು ಕಾರ್ಯಗಳು ಕಾದಿವೆ. ಬದುಕಿರುವ ವಸ್ತಾದರ ಮಾತುಗಳನ್ನು, ಅವರ ಶಬ್ದಗಳನ್ನು, ಕೈಯ ಕ್ರಮಗಳನ್ನು, ಅವರು ಕಂಡ ಅನಾಹುತಗಳನ್ನೂ ಮುಚ್ಚಿಡದೆ ಬರೆದಿಟ್ಟುಕೊಳ್ಳುವುದು ಚರಿತ್ರೆಯ ವಿದ್ಯಾರ್ಥಿಯ ಕೆಲಸ. ನಿಷಿದ್ಧ ದ್ರವ್ಯಗಳ ಪಟ್ಟಿಯನ್ನೂ, ತಲೆಪೆಟ್ಟು, ಬಿಸಿಲಾಘಾತ, ಉಬ್ಬಸ, ಸಕ್ಕರೆ ಬೇನೆ, ರಕ್ತಹೀನತೆಗಳ ಲಕ್ಷಣಗಳನ್ನೂ ಕನ್ನಡದಲ್ಲಿ ಸುಲಭವಾಗಿ ಬರೆದು ಗರಡಿಗರಡಿಗೆ ಮುಟ್ಟಿಸುವುದು ದೈಹಿಕ ಶಿಕ್ಷಣದ ಅಧ್ಯಾಪಕರ ಕೆಲಸ. ಎತ್ತಿಗೆ ಒಂಬತ್ತು ಶತಮಾನಗಳ ಹಿಂದೆಯೇ ಕನ್ನಡದಲ್ಲಿ ವೈದ್ಯಗ್ರಂಥವನ್ನು ಕೊಟ್ಟ ಈ ನಾಡು ಪೈಲ್ವಾನನಿಗೆ ಇನ್ನೂ ಒಂದನ್ನು ಕೊಡಬೇಕಾಗಿದೆ.